ತೊಂಬತ್ತಾರು ಡಿಗ್ರಿ ಜ್ವರ

ಬೇರೆಯವರಿಗೆಲ್ಲ ಮೈ ಬಿಸಿಯೇರಿ ಬೆವರು ಕಿತ್ತುಕೊಂಡು ಬರುವ ಹೊತ್ತಿಗೆ ಸರಿಯಾಗಿ ಅವನಿಗೆ ಚಳಿ ಶುರುವಾಯಿತು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಅಮ್ಮ ಬದುಕಿದ್ದಾಗ ಹೇಳುತ್ತಿದ್ದ ಮಾತು ಐವತ್ತು ದಾಟಿದ ಮೇಲೂ ಬೆನ್ನು ಬಿಡಲಿಲ್ಲವಲ್ಲ ಎಂದುಕೊಳ್ಳುತ್ತ, ಕಾರ್ಖಾನೆಯ ಅಂಗಳದ ಮೂಲೆಯಲ್ಲಿ ಷೂ ಲೇಸು ಕಟ್ಟಿಕೊಳ್ಳುವವನ ಹಾಗೆ ಬಗ್ಗಿ ಕೂತ. ಲೇಸು ಬಿಚ್ಚಿರಲಿಲ್ಲ. ಬಿಚ್ಚಿದ, ಮತ್ತೆ ಕಟ್ಟಿದ. ಬೆರಳುಗಳು ಒಂದರ ಮಾತು ಇನ್ನೊಂದು ಕೇಳುತ್ತಿರಲಿಲ್ಲ. ಅಂಗಳ ಸುತ್ತಿ ಓಡಿದ್ದರಿಂದ ಎದೆ ಇನ್ನೂ ಧಡಧಡ ಎನ್ನುತ್ತಿತ್ತು. ಆದರೆ ಬೆನ್ನಿನ ನಡುವೆ, ಅಂಗಿ ಒದ್ದೆಯಾಗಿ ಅಂಟಿಕೊಂಡ ಕಡೆ, ಯಾರೋ ತಣ್ಣನೆಯ ಅಂಗೈ ಇಟ್ಟು ಒತ್ತಿದಂತಿತ್ತು. ಅಲ್ಲಿಂದ ಚಳಿ ಹೆಗಲಿಗೆ ಹತ್ತಿತು, ಕತ್ತಿನ ಹಿಂದೆ ಹೋಯಿತು, ತೋಳಿನ ಕೂದಲನ್ನೆಲ್ಲ ಎಬ್ಬಿಸಿ ನಿಲ್ಲಿಸಿತು. ಬಿಸಿಲು ಚುರುಗುಡುತ್ತಿತ್ತು. ಇಂಥ ಬಿಸಿಲಲ್ಲಿ ಕೂತು ನಡುಗುವ ಗಂಡಸನ್ನು ಕಂಡರೆ ಜನ ಏನೆಂದುಕೊಂಡಾರು ಎಂದು ಹಲ್ಲು ಕಚ್ಚಿಕೊಂಡ. ಕಚ್ಚಿಕೊಂಡ ಹಲ್ಲೇ ಕಟಕಟ ಎಂದಿತು. ಇನ್ನು ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸಲು ಶುರುವಾಗುತ್ತದೆ, ಆಮೇಲೆ ತಲೆ ಭಾರವಾಗುತ್ತದೆ, ಮಧ್ಯಾಹ್ನಕ್ಕೆ ಕಿವಿಯ ತುದಿಗಳು ಸುಡುತ್ತವೆ, ಸಂಜೆಯವರೆಗೂ ಮೈಯನ್ನು ಹಿಂಡಿ ಹಗ್ಗದ ಮೇಲೆ ಹರವಿದ ಹಾಗಿರುತ್ತದೆ. ಹೊಸ ಸಾಹೇಬ ಬಂದು ಈ ಬೆಳಗಿನ ಕಸರತ್ತು ಶುರುಮಾಡಿಸಿದಾಗಿನಿಂದ ಇದೇ ಕ್ರಮ.

“ಲೇಸು ಭಾಳ ಉದ್ದ ಇರೋ ಹಾಗಿದೆಯಲ್ಲ ಸಾರ್, ಇನ್ನೂ ಮುಗೀಲಿಲ್ವಾ?” ಎಂದ ಪೈಲ್ವಾನ. ಪ್ಯಾಕಿಂಗಿನವನು. ಹೆಸರಿಗೆ ಪೈಲ್ವಾನ, ಗಾಳಿ ಬಂದರೆ ಹಾರಿಹೋಗುವ ಆಳು. ಓಡಿ ಬಂದ ಅವನ ಮುಖ ಆಗ ತಾನೇ ತೊಳೆದಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು. ಆ ಹೊಳಪು ನೋಡಿ ಲೇಸು ಹಿಡಿದು ಕೂತವನಿಗೆ ಮೈಯೆಲ್ಲ ಉರಿಯಿತು. ನಿಜವಾಗಿ ಉರಿದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಉಸಿರು ತಗೋತಿದೀನಿ ಕಣಯ್ಯ.”

“ತಗೊಳ್ಳಿ ತಗೊಳ್ಳಿ. ಅದಕ್ಕೂ ಪರ್ಮಿಷನ್ ಬೇಕು ಅಂತ ಸಾಹೇಬ್ರು ಇನ್ನೂ ಹೇಳಿಲ್ಲ.”

ಸಾಹೇಬ ಅಂಗಳದ ನಡುವೆ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಮೂವತ್ತರ ಆಸುಪಾಸಿನ ಹುಡುಗ. ಮೈ ಗಟ್ಟಿಯಿದ್ರೆ ಮನಸ್ಸು ಗಟ್ಟಿ, ಮನಸ್ಸು ಗಟ್ಟಿಯಿದ್ರೆ ಮಾಲು ಗಟ್ಟಿ ಎಂದು ಬಂದ ದಿನವೇ ಹೇಳಿ, ಮಾರನೆಯ ದಿನದಿಂದ ಎಲ್ಲರನ್ನೂ ಓಡಿಸಲು ಶುರುಮಾಡಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಮನಸ್ಸಿನಲ್ಲೇ ನಾಲ್ಕು ಬೈದುಕೊಂಡು ಹಗುರಾಗಬಹುದಿತ್ತು. “ಈಗ ಹೇಳಿ, ಒಳಗೆ ಬೆಂಕಿ ಹತ್ತಿದ ಹಾಗೆ ಅನ್ನಿಸ್ತಿದೆಯೋ ಇಲ್ವೋ?” ಎಂದು ಸಾಹೇಬ ಕೂಗಿದ. ಎಲ್ಲರೂ ಹೌದು ಸಾರ್ ಎಂದರು. ಅವನೂ ಹೌದು ಎಂದ. ನಡುಗುವ ಗಂಟಲಿನಿಂದ ಬಂದ ಆ ಹೌದು ಬಸ್ಸಿನಲ್ಲಿ ಜೋಲಿ ತಪ್ಪಿದವನ ಮಾತಿನಂತೆ ತುಂಡುತುಂಡಾಗಿತ್ತು. ಯಾರೂ ಗಮನಿಸಲಿಲ್ಲ. ಗಮನಿಸಲಿಲ್ಲವಲ್ಲ ಎಂದು ಸಮಾಧಾನವೂ ಆಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವೂ ಆಯಿತು.

ಅಲ್ಲಿ ತಯಾರಾಗುತ್ತಿದ್ದದ್ದು ಥರ್ಮಾಮೀಟರು. ಜ್ವರ ನೋಡುವ ಗಾಜಿನ ಕಡ್ಡಿ. ಕಡ್ಡಿಗಳು ಊದುವವರ ಕೈಯಿಂದ, ಪಾದರಸ ತುಂಬುವವರ ಕೈಯಿಂದ, ಗೆರೆ ಕೊರೆಯುವವರ ಕೈಯಿಂದ ದಾಟಿ ಕೊನೆಗೆ ಅವನ ಕೋಣೆಗೆ ಬರುತ್ತಿದ್ದವು. ಅಲ್ಲೊಂದು ಗಾಜಿನ ತೊಟ್ಟಿ, ಅದರಲ್ಲಿ ಹದವಾಗಿ ಬಿಸಿಯಾಗಿ ನಿಂತ ನೀರು. ನೀರಿನ ನಡುವೆ ಮೊಳದುದ್ದದ ಹಳೆಯ ಥರ್ಮಾಮೀಟರೊಂದು ನಿಂತಿರುತ್ತಿತ್ತು. ಅದನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು. ಹೊಸ ಕಡ್ಡಿಗಳನ್ನು ಕಟ್ಟುಕಟ್ಟಾಗಿ ದೊಡ್ಡಪ್ಪನ ಪಕ್ಕ ಅದ್ದಿ, ತೆಗೆದು, ಓದಿ, ದೊಡ್ಡಪ್ಪ ಹೇಳಿದ್ದನ್ನೇ ಹೇಳಿದವನ್ನು ಬಿಳಿ ತಟ್ಟೆಗೂ ಬೇರೆ ಹೇಳಿದವನ್ನು ಕೆಂಪು ತಟ್ಟೆಗೂ ಹಾಕುವುದು ಅವನ ಕೆಲಸ. ಓದಿದ ಮೇಲೆ ಮಣಿಕಟ್ಟು ಒಮ್ಮೆ ಜೋರಾಗಿ ಕೊಡವಿದರೆ ಏರಿದ ಪಾದರಸ ಸರ್ರನೆ ಕೆಳಗಿಳಿದು, ಕಡ್ಡಿ ಏನನ್ನೂ ನೋಡಿಯೇ ಇಲ್ಲವೇನೋ ಎಂಬಂತಾಗುತ್ತಿತ್ತು. ವರ್ಷಗಟ್ಟಲೆ ಕೊಡವಿ ಕೊಡವಿ ಅವನ ಬಲಗೈಗೆ ಅದೊಂದು ಚಟವೇ ಆಗಿಬಿಟ್ಟಿತ್ತು. ಪೇಪರು ಓದಿ ಮಡಿಚಿಟ್ಟರೂ ಕೈ ಕೊಡವುತ್ತಿತ್ತು. ಮಗಳ ಅಂಕಪಟ್ಟಿ ನೋಡಿ ಮುಗಿಸಿದರೂ ಕೊಡವುತ್ತಿತ್ತು. “ನೋಡಮ್ಮ, ಅಪ್ಪ ನನ್ನ ಮಾರ್ಕ್ಸ್ ಎಲ್ಲ ಕೆಳಗಿಳಿಸಿಬಿಟ್ರು” ಎಂದು ಅವಳು ಅಣಕಿಸುತ್ತಿದ್ದಳು. ಕೈಗೆ ಇನ್ನೊಂದು ವಿದ್ಯೆಯೂ ಹತ್ತಿತ್ತು. ಬೆರಳ ಹಿಂಬದಿಯಿಂದ ಮುಟ್ಟಿದರೆ ಸಾಕು, ಜ್ವರ ಎಷ್ಟೆಂದು ಹೇಳಿಬಿಡುತ್ತಿದ್ದ. ಆಮೇಲೆ ಕಡ್ಡಿ ಇಟ್ಟು ನೋಡಿದರೆ ಅರ್ಧ ಡಿಗ್ರಿ ಆಚೀಚೆ, ಅಷ್ಟೇ. ಅಕ್ಕಪಕ್ಕದ ಮನೆಯವರು ಮಕ್ಕಳನ್ನು ಎತ್ತಿಕೊಂಡು ಬಂದು ಅವನ ಕೈಗೆ ಹಣೆ ಒಡ್ಡಿಸುತ್ತಿದ್ದರು. ಮುಖ ನೋಡಿ, ದಾಕ್ಷಿಣ್ಯಕ್ಕೆ ಸಿಕ್ಕಿ, ಇದ್ದದ್ದನ್ನು ಇಲ್ಲ ಎಂದು ಓದಿದವನಲ್ಲ ಎಂಬ ಒಂದು ಹೆಮ್ಮೆ ಅವನಲ್ಲಿ ಗಟ್ಟಿಯಾಗಿ ಕೂತಿತ್ತು. ಬೇರೆ ಹೆಮ್ಮೆಗಳಿಗೆ ಬದುಕಿನಲ್ಲಿ ಜಾಗವೂ ಇರಲಿಲ್ಲ.

ಕೋಣೆಯ ಮೂಲೆಯಲ್ಲಿ ಒಂದು ಸ್ಟೂಲಿತ್ತು, ಅದನ್ನು ಅಲ್ಲಿ ಹಾಕಿಸಿದವನೂ ಅವನೇ. ಹಿಂದಿನ ಸಾಹೇಬರ ಕಾಲದಲ್ಲಿ ಜನ ಜ್ವರ ಜ್ವರ ಎಂದು ಅರ್ಧ ದಿನಕ್ಕೇ ಮನೆಗೆ ಹೊರಡುವುದು ಜಾಸ್ತಿಯಾದಾಗ, “ನಾವು ಮಾಡಿದ ಕಡ್ಡೀನ ನಾವೇ ನಂಬದಿದ್ರೆ ಲೋಕ ಯಾಕೆ ಸಾರ್ ನಂಬಬೇಕು? ಜ್ವರ ಅನ್ನೋರು ನಮ್ಮ ರೂಮಿಗೆ ಬರ್ಲಿ, ಕಡ್ಡಿ ಹೇಳಿದ್ರೆ ಹೋಗ್ಲಿ” ಎಂದಿದ್ದ. ಎಲ್ಲರೂ ತಲೆದೂಗಿದ್ದರು. ಬೇರೆ ಯಾವ ಕಚೇರಿಯಲ್ಲೂ ಇಲ್ಲದ ಒಂದು ನಿಯಮ ಹಾಗೆ ಇಲ್ಲಿ ಹುಟ್ಟಿತ್ತು: ಜ್ವರವಿದೆಯೋ ಇಲ್ಲವೋ ಹೇಳಬೇಕಾದವನು ಜ್ವರ ಬಂದವನಲ್ಲ. ಆ ಸ್ಟೂಲಿನ ಮೇಲೆ ಎಷ್ಟೋ ಜನ ನಾಲಿಗೆಯಡಿ ಕಡ್ಡಿ ಇಟ್ಟುಕೊಂಡು ದನದ ಕಣ್ಣು ಮಾಡಿಕೊಂಡು ಕೂತಿದ್ದರು. ನಾರ್ಮಲ್, ಎಂದು ಅವನು ಹೇಳಿದ ಕೂಡಲೆ ಎದ್ದು, ತಪ್ಪು ಮಾಡಿದವರ ಹಾಗೆ ಸೆರಗೋ ಕಾಲರೋ ಸರಿಮಾಡಿಕೊಂಡು ಮತ್ತೆ ಕೆಲಸಕ್ಕೆ ಹೋಗಿದ್ದರು. ಗೆರೆ ಕೊರೆಯುವ ಒಬ್ಬಾಕೆ ಮಾತ್ರ, “ಸಾರ್, ನಿಮ್ಮ ಕಡ್ಡಿಗೆ ಹೊಟ್ಟೆನೋವು ಗೊತ್ತಾಗಲ್ವಾ?” ಎಂದು ಕೇಳಿದ್ದಳು. ಅವತ್ತು ಆ ಮಾತಿಗೆ ಕೋಣೆಯವರೆಲ್ಲ ನಕ್ಕಿದ್ದರು, ಅವನೂ.

ತಾನು ತೋಡಿದ ಹಳ್ಳ ಎಷ್ಟು ಆಳವಿದೆ ಎಂದು ಬಿದ್ದವನಿಗೇ ಗೊತ್ತಾಗುವುದು. ಹೊಟ್ಟೆ ಒಮ್ಮೆ ಮಗುಚಿಕೊಂಡಂತಾಗಿ, ಪಾಯಿಖಾನೆಗೆ ಹೋಗಿ ಬಾಗಿ ನಿಂತು, ಏನೂ ಬಾರದೆ ಕಣ್ಣಲ್ಲಿ ಮಾತ್ರ ನೀರು ಬಂದು, ಮುಖ ತೊಳೆದುಕೊಂಡು ಸಾಹೇಬನ ಬಾಗಿಲಲ್ಲಿ ನಿಂತ.

“ಸಾರ್, ಇವತ್ತು ಮನೆಗೆ ಹೋಗ್ಲಾ? ಮೈ ಸರಿಯಿಲ್ಲ.”

“ಅಯ್ಯೋ, ಏನಾಯ್ತು?”

“ಓಡಿದ ಮೇಲೆ ಚಳಿ ಬರುತ್ತೆ. ಹೊಟ್ಟೆ ತೊಳಸುತ್ತೆ. ಒಂಥರಾ ಜ್ವರ ಬಂದ ಹಾಗೆ.”

“ಬಂದ ಹಾಗೋ, ಬಂದಿದೆಯೋ?” ಸಾಹೇಬ ನಕ್ಕ. “ತಪ್ಪು ತಿಳ್ಕೋಬೇಡಿ. ರೂಲ್ ನಿಮ್ದೇ ಅಂತೆ. ಬನ್ನಿ, ನಾನೇ ಬರ್ತೀನಿ.”

ಸ್ಟೂಲಿನ ಒಂದು ಕಾಲು ಗಿಡ್ಡ ಎಂಬುದು ಅವನಿಗೆ ಅದರ ಮೇಲೆ ಕೂತಾಗಲೇ ಗೊತ್ತಾದದ್ದು. ನಡುಗುವ ಮೈಗೆ ತಕ್ಕಂತೆ ಸ್ಟೂಲೂ ಟಕಟಕ ಎಂದಿತು. ಬಿಳಿ ತಟ್ಟೆಯಿಂದ ಸಾಹೇಬನೇ ಒಂದು ಕಡ್ಡಿ ಆರಿಸಿ ಕೊಟ್ಟ. ಪೆಟ್ಟಿಗೆ ಒಯ್ಯಲು ಬಂದಿದ್ದ ಪೈಲ್ವಾನ ಬಾಗಿಲಿಗೆ ಒರಗಿ ನಿಂತ, ಪುಕ್ಕಟೆ ಸಿನಿಮಾ ಯಾರು ಬಿಡುತ್ತಾರೆ. ಗಾಜಿನ ರುಚಿ ನಾಲಿಗೆಯಡಿ ತಣ್ಣಗಿತ್ತು. ಬಾಯಿ ಮುಚ್ಚಿಕೊಂಡು, ಮೂಗಿನಿಂದ ಉಸಿರಾಡುತ್ತ, ದೊಡ್ಡಪ್ಪನ ಬೆಳ್ಳಿಗೆರೆಯನ್ನೇ ನೋಡುತ್ತ ಕೂತ ಅವನಿಗೆ ಇದ್ದಕ್ಕಿದ್ದಂತೆ ಒಂದು ಆಸೆ ಹುಟ್ಟಿತು: ಜ್ವರ ಬಂದಿರಲಿ. ನೂರು, ನೂರಾ ಒಂದು, ಎಷ್ಟಾದರೂ ಸರಿ. ಹೆಂಡತಿಗೆ ಹೆರಿಗೆಯಾದ ದಿನ ಕೂಡ ಅವನು ಇಷ್ಟು ಮನಸ್ಸಿಟ್ಟು ಏನನ್ನೂ ಬೇಡಿಕೊಂಡಿರಲಿಲ್ಲ. ಸಾಹೇಬ ಕಡ್ಡಿ ತೆಗೆದುಕೊಂಡು ಬೆಳಕಿಗೆ ಹಿಡಿದ, ಆಕಡೆ ತಿರುಗಿಸಿದ, ಈಕಡೆ ತಿರುಗಿಸಿದ. ಥರ್ಮಾಮೀಟರ್ ಕಾರ್ಖಾನೆಯ ಸಾಹೇಬನಿಗೆ ಪಾದರಸದ ಗೆರೆ ಕಾಣಲಿಲ್ಲ. “ಎಲ್ಲಿ ಮಾರಾಯ್ರೆ ಇದು? ತಗೊಳ್ಳಿ, ನೀವೇ ಓದಿ” ಎಂದು ಕೈಗೆ ಕೊಟ್ಟ.

ನೂರು ಎಂದಿದ್ದರೆ ಮುಗಿಯುತ್ತಿತ್ತು. ನೂರು ಎಂದು ಹೇಳಿ ಕೈ ಕೊಡವಿದ್ದರೆ ಸಾಕ್ಷಿಯೂ ಉಳಿಯುತ್ತಿರಲಿಲ್ಲ. ಅವನು ಓದಿದ. ಮತ್ತೊಮ್ಮೆ ಓದಿದ.

“ತೊಂಬತ್ತಾರು,” ಎಂದ.

“ಕಡಿಮೇನೇ ಇದೆಯಲ್ಲ! ಬೆವರು ಆರಿದಾಗ ಮೈ ತಣ್ಣಗಾಗುತ್ತೆ, ಅದು ಸಹಜ. ಕೂತು ಕೂತು ಅಭ್ಯಾಸ ಆದ ಮೈ ನೋಡಿ, ಸ್ವಲ್ಪ ತಕರಾರು ಮಾಡುತ್ತೆ. ನಾಳೆ ಇನ್ನೊಂದು ಸುತ್ತು ಜಾಸ್ತಿ ಓಡಿ, ಎಲ್ಲ ಸರಿಹೋಗುತ್ತೆ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ,” ಎಂದ ಪೈಲ್ವಾನ ಬಾಗಿಲಿಂದ. “ನಮ್ಮ ಎತ್ತಿಗೆ ಜ್ವರಾನೇ ಇಲ್ವಲ್ಲ ಸಾರ್, ಬರೆ ಯಾರಿಗೆ?”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ನಗದಿದ್ದರೆ ಇನ್ನೂ ಚಿಕ್ಕವನಾಗಿಬಿಡುತ್ತೇನೆ ಎನ್ನಿಸಿತ್ತು. ನಕ್ಕ ಮೇಲೆ ನೋಡಿದರೆ ಆಗಲೇ ಆಗಿದ್ದ. ಅವರು ಹೋದ ಮೇಲೆ ಆ ಕಡ್ಡಿಯನ್ನು ತೊಟ್ಟಿಗೆ ಅದ್ದಿ ದೊಡ್ಡಪ್ಪನ ಪಕ್ಕ ಹಿಡಿದ. ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಇನ್ನೊಂದು ಕಡ್ಡಿ ಬಾಯಿಗಿಟ್ಟುಕೊಂಡ, ಯಾರಿಗೂ ಕಾಣದಂತೆ ಗೋಡೆಗೆ ಮುಖ ಮಾಡಿ. ಅದೂ ತೊಂಬತ್ತಾರು ಎಂದಿತು. ತಾನೇ ಪಾಸು ಮಾಡಿ ಲೋಕಕ್ಕೆ ಕಳಿಸಿದ ಕಡ್ಡಿಗಳೆಲ್ಲ ಒಟ್ಟಾಗಿ ಸೇರಿಕೊಂಡು, ನಿನಗೇನೂ ಆಗಿಲ್ಲ ಹೋಗಯ್ಯಾ ಎಂದು ತನಗೇ ಹೇಳುತ್ತಿವೆ. ಹಾಗಾದರೆ ಹಲ್ಲು ಕಟಕಟ ಎನ್ನುವುದು ಏನು? ಹೊಟ್ಟೆಯೊಳಗೆ ಮಗುಚಿಕೊಳ್ಳುವುದು ಏನು? ನಡುಗುತ್ತಿರುವವನು ಯಾರು? ಡಾಕ್ಟರಿಗೂ ತೋರಿಸಿಯಾಗಿತ್ತು. ರಕ್ತ ಸರಿಯಾಗಿದೆ, ಎದೆ ಸರಿಯಾಗಿದೆ, ವಯಸ್ಸು ನೋಡಿ ಎಂದಿದ್ದರು ಅವರು. ವಯಸ್ಸು ಎಂಬುದೊಂದು ಕಾಯಿಲೆ ಅಲ್ಲದಿದ್ದರೆ ತನಗೆ ಕಾಯಿಲೆಯೇ ಇಲ್ಲ. ಹೀಗೆ ಯೋಚಿಸುತ್ತ ಒಂದು ಕಟ್ಟು ಕಡ್ಡಿ ಎತ್ತಿಕೊಂಡವನ ಕೈ ಅದುರಿತು. ಕಡ್ಡಿಗಳು ಮೇಜಿನ ಅಂಚಿಗೆ ಬಡಿದು ಚೂರಾದವು. ಪಾದರಸ ಸಣ್ಣ ಸಣ್ಣ ಮಣಿಗಳಾಗಿ ಮೇಜಿನ ತುಂಬ ಓಡಾಡಿತು, ಒಂದನ್ನೊಂದು ಕಂಡರೆ ಸಾಕು ತಬ್ಬಿಕೊಂಡು ದೊಡ್ಡದಾಯಿತು. ಸದ್ದಿಗೆ ಸಾಹೇಬ ಮತ್ತೆ ಬಂದ. ಚೂರು ನೋಡಿದ, ಅವನ ಕೈ ನೋಡಿದ. “ಹೋಗಿ, ಮನೆಗೆ ಹೋಗಿ ಮಲಕ್ಕೊಳ್ಳಿ,” ಎಂದ. “ಜ್ವರ ಅಂತಲ್ಲ. ಮಾಲಾದ್ರೂ ಉಳೀಲಿ.”

ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆಯ ಸೀಟನ್ನೇ ಹುಡುಕಿ ಕೂತ. ಪಕ್ಕದ ಹೆಂಗಸು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, “ಕಿಟಕಿ ಸ್ವಲ್ಪ ತೆಗೀರಿ ಅಣ್ಣ, ಬೆಂದುಹೋಗ್ತಿದೀವಿ” ಎಂದಳು. ತೆಗೆದ. ಒಳಗೆ ನುಗ್ಗಿದ್ದು ಬಿಸಿಗಾಳಿಯೇ. ಆದರೂ ಒದ್ದೆ ಬೆನ್ನು ಜುಮ್ಮೆಂದು ಮುಳ್ಳೆದ್ದಿತು. ಮನೆಯಲ್ಲಿ ಹೇಗೆ ಹೇಳುವುದು ಎಂಬುದು ಈಗ ದೊಡ್ಡ ಚಿಂತೆಯಾಗಿತ್ತು. ಮೈ ಸರಿಯಿಲ್ಲ ಎಂದರೆ ಏನಾಗಿದೆ ಎನ್ನುತ್ತಾಳೆ ಹೆಂಡತಿ. ಚಳಿ ಎಂದರೆ ನೋಡಿಕೊಂಡಿರಾ ಎನ್ನುತ್ತಾಳೆ. ಇದಕ್ಕೆ ಸರಿಯಾದ ಒಂದು ಮಾತಿತ್ತು, ಅವಳದೇ ಮಾತು, ಒಳಜ್ವರ. ಆ ಮಾತನ್ನು ಅವನ ಮನೆಯಲ್ಲಿ ಆಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಮೂಟೆ ಮೂಟೆ ಪರದೆ ಒಗೆದ ದಿನ, ಕೆಳಗಿನ ನಲ್ಲಿಯಿಂದ ಮೇಲಿನ ಮನೆಗೆ ನೀರು ಹೊತ್ತ ದಿನ, ಅವಳು ಸಂಜೆ ಗೋಡೆಗೆ ಮುಖ ಮಾಡಿ ಮುದುರಿಕೊಳ್ಳುತ್ತಿದ್ದಳು. ಒಳಜ್ವರ ಕಣ್ರಿ, ಮೈಯೊಳಗೇ ಇದೆ, ಹೊರಗೆ ಬರ್ತಿಲ್ಲ. ಅವನು ಕಡ್ಡಿ ಕೊಡವಿ ಅವಳ ಬಾಯಿಗಿಡುತ್ತಿದ್ದ. ಬಾಗಿಲ ಹೊರಗೆ ಅಮ್ಮ ನಿಂತಿರುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ, ದೂರವೂ ಹೋಗುತ್ತಿರಲಿಲ್ಲ. ತೀರ್ಪು ಕೇಳುವವಳ ಹಾಗೆ ಸೆರಗು ಬಿಗಿದುಕೊಂಡು ನಿಂತಿರುತ್ತಿದ್ದಳು. ಅವನು ಹೊರಗೆ ಬಂದು ನಾರ್ಮಲ್ ಎನ್ನುತ್ತಿದ್ದ. ಅಷ್ಟೇ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಮ್ಮ ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದಳು. ನಾಲ್ಕನೆಯದೋ ಐದನೆಯದೋ ಪಾತ್ರೆಯ ಸದ್ದಿಗೆ ಹೆಂಡತಿ ಎದ್ದು, ಕೂದಲು ಕಟ್ಟಿಕೊಂಡು, ಅಡುಗೆಮನೆಗೆ ಹೋಗುತ್ತಿದ್ದಳು. ನಾನೇನು ಸುಳ್ಳು ಹೇಳಿದೆನೇ? ಇದ್ದದ್ದನ್ನು ಹೇಳಿದೆ. ತೊಂಬತ್ತೆಂಟು ಇದ್ದರೆ ನೂರು ಎನ್ನಬೇಕಿತ್ತೇ? ಬಸ್ಸು ಗಕ್ಕನೆ ನಿಂತಿತು. ಪಕ್ಕದ ಹೆಂಗಸು ಅವನ ಮುಖ ನೋಡಿ, “ಹುಷಾರಿಲ್ವಾ ಅಣ್ಣ?” ಎಂದಳು. ಅಪರಿಚಿತಳ ಆ ಒಂದು ಮಾತಿಗೆ ಇನ್ನೇನು ಅತ್ತೇಬಿಡುತ್ತೇನೆ ಎನ್ನಿಸಿ, ತನ್ನ ಸ್ಟಾಪಿಗಿಂತ ಒಂದು ಸ್ಟಾಪು ಮೊದಲೇ ಇಳಿದುಬಿಟ್ಟ. ಉಳಿದ ದಾರಿಯನ್ನು ಅಂಗಡಿಗಳ ಗೋಡೆ ಹಿಡಿದುಕೊಂಡು ನಡೆಯಬೇಕಾಯಿತು.

ಮನೆಯ ಮೆಟ್ಟಿಲು ಹತ್ತುವಾಗಲೇ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಕೋಣೆಯ ತುಂಬ ದಪ್ಪ ಹಸಿರು ಬಟ್ಟೆ ಬಿದ್ದಿತ್ತು. ಯಾವುದೋ ಲಾಡ್ಜಿನ ಪರದೆಗಳು, ಸಂಜೆಗೆ ಅಂಗಡಿಯವನು ಒಯ್ಯಲು ಬರುತ್ತಾನೆ. ಹೆಂಡತಿ ಕೆಂಪೇರಿದ ಮುಖದಲ್ಲಿ ಯಂತ್ರದ ಮುಂದೆ ಕೂತು ಕಾಲಿನಿಂದ ತುಳಿಯುತ್ತಿದ್ದಳು. ಮಗಳು ನೆಲದ ಮೇಲೆ ಕೂತು ಹೊಲಿದಾದ ಪರದೆಗೆ ಉಂಗುರ ಕಟ್ಟುತ್ತಿದ್ದಳು. ಹೆಂಡತಿ ಅವನ ಹಳೆಯ ಬೂದು ಸ್ವೆಟರು ಹಾಕಿಕೊಂಡಿದ್ದಳು. ಈ ಬಿಸಿಲಲ್ಲಿ ಸ್ವೆಟರು ಯಾಕೆ ಎಂಬ ಪ್ರಶ್ನೆ ಅವನ ತಲೆಯ ಬಾಗಿಲವರೆಗೆ ಬಂದು, ಅಯ್ಯೋ ಅದು ನನ್ನ ಮೈಮೇಲೆ ಇದ್ದಿದ್ದರೆ ಎಂಬ ಅಸೂಯೆಗೆ ದಾರಿ ಬಿಟ್ಟು ಹಿಂದೆ ಸರಿಯಿತು.

“ಏನಪ್ಪಾ, ಕಾರ್ಖಾನೆ ಮುಚ್ಚಿಬಿಟ್ರಾ?” ಎಂದಳು ಮಗಳು.

“ಮೈ ಸರಿಯಿಲ್ಲ.”

ಯಂತ್ರ ನಿಲ್ಲಲಿಲ್ಲ. “ನೋಡ್ಕೊಂಡ್ರಾ?” ಎಂದಳು ಹೆಂಡತಿ, ಹೊಲಿಗೆಯ ಮೇಲಿಂದ ಕಣ್ಣೆತ್ತದೆ.

“ನೋಡ್ಕೊಂಡೆ.”

“ಎಷ್ಟಿತ್ತು?”

“ತೊಂಬತ್ತಾರು.”

ಅವಳು ಅಂಚಿಗೆ ಬಂದು, ಬಟ್ಟೆ ಹೊರಗೆಳೆದು, ದಾರವನ್ನು ಹಲ್ಲಿನಿಂದ ಕಡಿದಳು. “ಹಾಗಿದ್ರೆ ಏನಿಲ್ಲ,” ಎಂದಳು. ದನಿಯಲ್ಲಿ ಕುಹಕವಿರಲಿಲ್ಲ. ಕುಹಕವನ್ನೇ ಹುಡುಕುತ್ತಿದ್ದ ಅವನಿಗೆ ಅದು ಸಿಗದೆ ನಿರಾಸೆಯಾಯಿತು. ಸಿಟ್ಟಿದ್ದರೆ ಜಗಳವಾಡಬಹುದು, ಆದರೆ ಅವಳು ಈ ಮನೆಯ ಲೆಕ್ಕದಲ್ಲಿ ಸರಿಯಾದ ಮಾತನ್ನೇ ಆಡಿದ್ದಳು. ಇಷ್ಟು ವರ್ಷ ಅವನೇ ಕಲಿಸಿದ ಪಾಠ, ಅವಳಿಗೆ ಬಾಯಿಪಾಠವಾಗಿತ್ತು. “ಅನ್ನ ಮುಚ್ಚಿಟ್ಟಿದೆ, ತಿಂತೀರಾ?” ಎಂದಳು. ಬೇಡ ಎಂದ. “ಅಮ್ಮಾನೂ ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ, ಕೆಲಸ ಮುಗೀಲಿ ಅಂತಾಳೆ. ಇಬ್ರೂ ಸೇರಿ ನನಗೇ ಎಲ್ಲ ಉಳಿಸಿ” ಎಂದಳು ಮಗಳು. ಅವನು ಮಂಚದ ಮೇಲೆ ಕೂತ. ಕೂತವನು ಉರುಳಿಕೊಂಡ. ಗೋಡೆಯ ಕಡೆಗೆ ಮುಖ ಮಾಡಿ ಮೊಣಕಾಲು ಎದೆಗೆ ಎಳೆದುಕೊಂಡಾಗ, ಗೋಡೆಯ ಈ ತೇಪೆಯನ್ನು ಇಷ್ಟು ಹತ್ತಿರದಿಂದ ತಾನು ಎಂದೂ ನೋಡಿರಲಿಲ್ಲ, ಇದು ಅವಳ ಜಾಗ, ಎಂದು ಹೊಳೆಯಿತು. ಸುಣ್ಣ ಎದ್ದುಹೋದಲ್ಲಿ ಯಾರೋ ಉಗುರಿನಿಂದ ಕೆರೆದ ಗುರುತಿತ್ತು.

“ಒಳಜ್ವರ,” ಎಂದ ಗೋಡೆಗೆ. ಆಮೇಲೆ ಸ್ವಲ್ಪ ಜೋರಾಗಿ, “ಒಳಜ್ವರ ಇದೆ ನನಗೆ.”

ಮಗಳು ಘೊಳ್ಳೆಂದು ನಕ್ಕಳು. “ಅಮ್ಮಾ, ಕೇಳಿಸ್ತಾ? ಅಪ್ಪನ ಬಾಯಲ್ಲಿ ಒಳಜ್ವರ! ಇದನ್ನ ಎಲ್ಲಾದ್ರೂ ಬರೆದಿಡಬೇಕು.”

ಯಂತ್ರ ನಿಂತಿತು. ಅವಳು ನಗಲಿಲ್ಲ. “ಹಸಿರು ದಾರ ಮುಗೀತಾ ಬಂತು, ಕೆಳಗೆ ಹೋಗಿ ಎರಡು ಉಂಡೆ ತಗೊಂಬಾ” ಎಂದು ಮಗಳಿಗೆ ಹೇಳಿದಳು. ಮಗಳು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋಗುವವರೆಗೂ ಕೂತಲ್ಲೇ ಕೂತಿದ್ದಳು. ಹೋದ ಮೇಲೆ ಎದ್ದು, ಕಪಾಟಿನಿಂದ ರಗ್ಗು ತೆಗೆದು, ಅವನ ಕಾಲಿನಿಂದ ಕತ್ತಿನವರೆಗೆ ಹೊದಿಸಿದಳು. ಅಂಚನ್ನು ಬೆನ್ನಿನ ಕೆಳಗೆ ತೂರಿಸಿದಳು, ಗಾಳಿ ಹೋಗದ ಹಾಗೆ. ಎಲ್ಲೆಲ್ಲಿ ತೂರಿಸಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಬೆನ್ನಿಂದ ಶುರುವಾಗುತ್ತೆ ಅಲ್ವಾ?” ಎಂದಳು.

ಅವನು ತಿರುಗಿ ಅವಳನ್ನು ನೋಡಿದ. “ಹೌದು. ಬೆನ್ನಿಂದ.”

“ಆಮೇಲೆ ಹೊಟ್ಟೆ ತೊಳಸುತ್ತೆ. ಬಾಯಲ್ಲಿ ತುಕ್ಕು ನೆಕ್ಕಿದ ಹಾಗಿರುತ್ತೆ.”

“ಹೌದು ಕಣೆ.”

“ಕಡ್ಡಿಗೆ ಏನು ಗೊತ್ತಾಗುತ್ತೆ ಅದೆಲ್ಲ. ಮಲಕ್ಕೊಳ್ಳಿ. ನಂಗೊತ್ತು ಅದು ಹೇಗಿರುತ್ತೆ ಅಂತ.”

ನಂಬಿದಳು. ಲೋಕದಲ್ಲಿ ಒಬ್ಬಳು ನಂಬಿದಳು, ಅದೂ ಒಂದು ಡಿಗ್ರಿ ಸಾಕ್ಷಿ ಕೇಳದೆ. ಕಣ್ಣು ತುಂಬಿ, ನಾಚಿಕೆಯಾಗಿ ಕಣ್ಣು ಮುಚ್ಚಿಕೊಂಡ. ಆಗ ಅವಳು ಮಂಚದ ಅಂಚಿನಲ್ಲಿ ಕೂತು ಅವನ ಹಣೆಯ ಮೇಲೆ ಕೈಯಿಟ್ಟಳು.

ಕೈ ಸುಡುತ್ತಿತ್ತು.

ಅವನ ಮೈ ನಡುಗುತ್ತಿರಬಹುದು, ತಲೆ ಭಾರವಾಗಿರಬಹುದು, ಆದರೆ ಆ ಒಂದು ವಿದ್ಯೆ ಅವನನ್ನು ಬಿಟ್ಟಿರಲಿಲ್ಲ. ತನ್ನ ಹಣೆಯ ತಂಪನ್ನು ಕಳೆದು, ಅವಳ ಅಂಗೈಯ ಬಿಸಿಯನ್ನು ತೂಗಿ, ಕೇಳದೆಯೇ ಅದು ಅಂಕಿ ಹೇಳಿತು: ನೂರಾ ಎರಡು. ಕಡಿಮೆಯಂತೂ ಅಲ್ಲ, ಅರ್ಧ ಜಾಸ್ತಿಯೇ ಇದ್ದೀತು. ಸ್ವೆಟರು, ಬೆಳಿಗ್ಗೆಯಿಂದ ಮುಟ್ಟದ ಅನ್ನ, ಮುಖದ ಮೇಲಿನ ಆ ಕೆಂಪು, ಎಲ್ಲ ಒಟ್ಟಿಗೇ ಬಂದು ಸಾಲಾಗಿ ನಿಂತವು. ಇದು ಒಳಜ್ವರವಲ್ಲ. ಇದು ಹೊರಗಿನದೇ, ಯಾವ ಕಡ್ಡಿಗೂ ಕಾಣುವಂಥದು, ದೊಡ್ಡಪ್ಪನೂ ತಲೆಬಾಗಿ ಒಪ್ಪುವಂಥದು. ಹೇಳಬೇಕು. ಲೇ, ನಿನಗೆ ಜ್ವರ ಇದೆ, ಮಲಗು, ಎನ್ನಬೇಕು. ಎಂದರೆ ಅವಳು ಮಲಗಬೇಕು; ಈ ಮಂಚದಲ್ಲಿ, ಈ ರಗ್ಗಿನಲ್ಲಿ. ಅವನು ಏಳಬೇಕು. ಪರದೆಯ ಅಂಚು ಮಡಿಚಬೇಕು, ಅಂಗಡಿಯವನಿಗೆ ಸಮಜಾಯಿಷಿ ಹೇಳಬೇಕು, ಡಾಕ್ಟರ ಮನೆಗೆ ನಡೆಯಬೇಕು, ಗಂಜಿ ಬೇಯಿಸಬೇಕು. ನೂರಾ ಎರಡರ ಮುಂದೆ ತೊಂಬತ್ತಾರು ಏನು ಬಾಯಿಬಿಟ್ಟೀತು? ಒಂದು ಮನೆಯಲ್ಲಿ ಒಬ್ಬರಿಗೇ ಕಾಯಿಲೆ ಬೀಳಲು ಜಾಗ. ಇವತ್ತು, ಇಷ್ಟು ಅವಮಾನವೆಲ್ಲ ಉಂಡ ಮೇಲೆ, ಆ ಜಾಗ ಕೊನೆಗೂ ಅವನಿಗೆ ಸಿಕ್ಕಿತ್ತು. ಸ್ವಲ್ಪ ಹೊತ್ತು, ಎಂದುಕೊಂಡ. ಸ್ವಲ್ಪ ಬೆಚ್ಚಗಾದ ಮೇಲೆ ಹೇಳುತ್ತೇನೆ. ಅವಳ ಕೈಯ ಬಿಸಿ ಹಣೆಯಿಂದ ಕಣ್ಣಿಗೆ, ಕಣ್ಣಿನಿಂದ ಕತ್ತಿಗೆ ಇಳಿಯುತ್ತಿತ್ತು. ಬೆಳಿಗ್ಗೆಯಿಂದ ಮೊದಲ ಸಲ ಹಲ್ಲು ಸುಮ್ಮನಾಗಿತ್ತು. ಅವಳ ಜ್ವರದಲ್ಲಿ ಅವನ ಚಳಿ ಕರಗುತ್ತಿತ್ತು, ಹಿತವಾಗಿತ್ತು.

“ಹಾಗೇ ಇಟ್ಟಿರು ಸ್ವಲ್ಪ,” ಎಂದ.

ಅವಳು ಹಾಗೇ ಇಟ್ಟುಕೊಂಡು ಕೂತಳು. ಆಮೇಲೆ ಸಂಕೋಚದಿಂದ, ಸಾಲದ ಮಾತೆತ್ತುವವಳ ಹಾಗೆ, “ರೀ,” ಎಂದಳು. “ನನಗೂ ಬೆಳಿಗ್ಗೆಯಿಂದ ಏನೋ ಒಂಥರಾ ಆಗ್ತಿದೆ. ಈ ಬಟ್ಟೆ ಮೂಟೆ ಹೊತ್ಕೊಂಡು ಮೆಟ್ಟಿಲು ಹತ್ತಿದ್ನಲ್ಲ, ಆವಾಗಿಂದ. ಕಡ್ಡಿಗಿಡ್ಡಿ ಬೇಡ. ನಿಮ್ಮ ಕೈಗೇ ಗೊತ್ತಾಗುತ್ತಲ್ಲ. ಒಂಚೂರು ಮುಟ್ಟಿ ನೋಡಿ, ಎಷ್ಟಿದೆ ಅಂತ.”

ಎಷ್ಟೋ ವರ್ಷಗಳ ಮೇಲೆ ಅವಳು ಕೇಳಿದ್ದಳು. ಅವನು ರಗ್ಗಿನಿಂದ ಬಲಗೈ ಹೊರತೆಗೆದು, ಬೆರಳ ಹಿಂಬದಿಯನ್ನು ಅವಳ ಕತ್ತಿಗೆ ಮುಟ್ಟಿಸಿದ. ಬೆಂಕಿ ಮುಟ್ಟಿದ ಹಾಗಾಯಿತು. ಅವಳು ಅವನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು, ಬಾಯಲ್ಲಿ ಕಡ್ಡಿ ಇಟ್ಟುಕೊಂಡು ಕೂತವರು ನೋಡುತ್ತಿದ್ದ ಹಾಗೆ.

“ನಾರ್ಮಲ್,” ಎಂದ.

“ಹೌದಾ?” ಅವಳ ಮುಖದಲ್ಲಿ ಅನುಮಾನ ಒಂದಿಷ್ಟೂ ಸುಳಿಯಲಿಲ್ಲ. ಅವನು ಸುಳ್ಳು ಓದುವವನಲ್ಲ ಎಂಬುದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. “ಹಾಗಿದ್ರೆ ಏನಿಲ್ಲ ಬಿಡಿ,” ಎಂದು ಮಂಚದ ಕಂಬಿ ಹಿಡಿದು ಎದ್ದಳು. ಎದ್ದವಳು ಒಂದು ಗಳಿಗೆ ಅಲ್ಲೇ ನಿಂತು, ಕಣ್ಣಿನ ಕತ್ತಲೆ ಕಳೆಯುವವರೆಗೆ ಕಾದು, ಕೂದಲು ಕಟ್ಟಿಕೊಂಡು ಯಂತ್ರದ ಮುಂದೆ ಹೋಗಿ ಕೂತಳು. ಹಸಿರು ಬಟ್ಟೆ ಸೂಜಿಯ ಕೆಳಗೆ ಸರಿಯಿತು, ಯಂತ್ರ ಸದ್ದು ಮಾಡತೊಡಗಿತು. ರಗ್ಗಿನೊಳಗೆ ಅವನ ಬಲಗೈ ತಾನೇ ತಾನಾಗಿ ಒಮ್ಮೆ ಜೋರಾಗಿ ಕೊಡವಿಕೊಂಡಿತು.